ಆನಂದಕ್ಕೆ ಎರಡು ಅಂಕ

ಚಿತ್ರ ನೋಡಿದ ಮಕ್ಕಳಲ್ಲಿ ಭಾವನೆ ಹುಟ್ಟಿಸಬೇಕೆಂದು ಎಂಬತ್ತೇಳರಲ್ಲಿ ಮೇಲಿನಿಂದ ಸುತ್ತೋಲೆ ಬಂತು. ರಾಯಬಾಗ ಕಡೆಯ ಒಂದು ಹೈಸ್ಕೂಲಿನ ಹೆಡ್‌ಮಾಸ್ತರ ವಿರುಪಾಕ್ಷಪ್ಪನವರು ಅದನ್ನು ಎರಡು ಸಲ ಓದಿದರು. ಹುಡುಗರ ಪಾಡಿಗೆ ಬಿಟ್ಟರೆ ಏನೇನು ಹುಟ್ಟೀತೋ ಎಂದು ಗಾಬರಿಯಾಗಿ ಡ್ರಾಯಿಂಗ್ ಮಾಸ್ತರ ನಾಮದೇವನನ್ನು ಕರೆಸಿದರು.

“ಸೋಮವಾರ ಇನ್‌ಸ್ಪೆಕ್ಷನ್ನಿಗೆ ಸಾಹೇಬ್ರು ಬರ್ತಾರೋ ನಾಮದೇವ. ಭಾವನಾ ಬಾಯಿಪಾಠ ಮಾಡಸು.”

“ಯಾವ ಭಾವನಾರಿ ಸರ್?”

“ಆನಂದ ಹಾಕು. ಆನಂದಕ್ಕ ಯಾರೂ ತಕರಾರು ತಗ್ಯಾಂಗಿಲ್ಲ.”

ವರ್ಷಗಟ್ಟಲೆ ಹಂಗಾಮಿಯಾಗಿದ್ದ ನಾಮದೇವನ ನೌಕರಿ ಕಾಯಂ ಆಗಲು ಆ ಸಾಹೇಬರ ಸಹಿಯೊಂದೇ ಬಾಕಿ. ಅವನು ಆನಂದವನ್ನು ಬೋರ್ಡಿನ ಮೇಲೆ ಬರೆದು, ಮಗ್ಗಿಯಂತೆ ಹೇಳಿಸಿದ.

ಸೋಮವಾರ ಸಾಹೇಬರು ಮೊದಲು ಹಣ್ಣಿನ ಬುಟ್ಟಿಯ ಚಿತ್ರ ತೋರಿಸಿದರು. “ಆನಂದ ಆಗತೈತ್ರೀ!” ಎಂದಿತು ತರಗತಿ. ಆಮೇಲೆ ಹೊಳೆ ಬಂದು ಊರು ಮುಳುಗಿದ ಚಿತ್ರ. ಅದಕ್ಕೂ ಅಷ್ಟೇ ಗಟ್ಟಿಯಾಗಿ ಆನಂದವಾಯಿತು.

“ಧೈರ್ಯದ ಹುಡುಗರು,” ಎಂದರು ಸಾಹೇಬರು.

ಮೂರನೆಯದು ನಾಮದೇವನೇ ಬಿಡಿಸಿದ್ದು. ಗುಡಿಸಿದ ದನದ ಕೊಟ್ಟಿಗೆ, ಖಾಲಿ ಗೋದಲಿ, ಗೂಟಕ್ಕೆ ಸುತ್ತಿಟ್ಟ ಹಳೆಯ ಹಗ್ಗ. ಸ್ವಚ್ಛತೆಯ ಚಿತ್ರವೆಂದು ಹೆಡ್‌ಮಾಸ್ತರರು ಅದನ್ನು ಆಫೀಸಿನಲ್ಲಿ ತೂಗುಹಾಕಿದ್ದರು.

ಎಲ್ಲರೂ ಆನಂದಪಟ್ಟರು, ಕಿಟಕಿಯ ಬಳಿಯ ರಾಜಮತಿಯೊಬ್ಬಳನ್ನು ಬಿಟ್ಟು.

“ಯಾಕವ್ವಾ, ನಿನಗೇನಾತು?” ಎಂದು ಸಾಹೇಬರು ಕೇಳಿದರು.

“ಆನಂದ ಆಗವಲ್ದರಿ. ಈ ಆಕಳ ಮಾರ್ಯಾರ್ರಿ.”

“ಆಕಳ ಎಲ್ಲೈತಿ ಇದರಾಗ?”

“ಇಲ್ಲರಿ, ಅದಕ್ಕ. ಮಾರಿದ್ರ ಹಗ್ಗ ಕೊಡಾಂಗಿಲ್ರಿ, ಬಿಚ್ಚಿ ಮನ್ಯಾಗ ಇಟಗೋತಾರ್ರಿ. ನಮ್ಮ ಕಾಕಾನೂ ಹಂಗ ಇಟ್ಟಾನ್ರಿ.”

ವಿರುಪಾಕ್ಷಪ್ಪನವರು ಮುಂದೆ ಬಂದರು. “ಈ ಹುಡುಗಿಗೆ ಜ್ವರಾ ಬಂದಿತ್ರಿ ಸಾಹೇಬ್ರ, ಆನಂದದ ಪಾಠ ತಪ್ಪೈತಿ.”

ಸಾಹೇಬರು ನಾಮದೇವನತ್ತ ತಿರುಗಿದರು. “ಬಿಡಿಸಿದವರು ನೀವಲ್ಲಾ? ನೀವ ಹೇಳ್ರಿ. ಇದರಾಗ ಯಾವ ಭಾವನಾ ಐತಿ?”

ನಾಮದೇವನ ಮುಗಳಖೋಡದ ಮನೆಯಲ್ಲಿ ಆ ಹಗ್ಗ ಈಗಲೂ ಇತ್ತು. ಕೆಂದಾಕಳನ್ನು ಅಥಣಿಯ ವ್ಯಾಪಾರಿ ಹೊಡೆದುಕೊಂಡು ಹೋದ ದಿನ ಅಪ್ಪ ಅದನ್ನು ಗೂಟಕ್ಕೆ ಸುತ್ತಿ, ಬಾಗಿಲಿಗೆ ಬೆನ್ನು ಹಾಕಿ ಕುಳಿತಿದ್ದ. ಚಿತ್ರವನ್ನು ನೋಡಿ ಸ್ವಚ್ಛತೆ ಎಂದವರಿದ್ದರು, ಗೂಟ ಸೊಟ್ಟಗಿದೆ ಎಂದವರೂ ಇದ್ದರು. ಆಕಳನ್ನು ಕಂಡವರು ಈವರೆಗೆ ಯಾರೂ ಇರಲಿಲ್ಲ.

ರಾಜಮತಿ ಕಣ್ಣೊರೆಸಿಕೊಂಡು ಮಾಸ್ತರರನ್ನೇ ನೋಡುತ್ತಿದ್ದಳು. ಅವಳಿಗೆ ನಂಬಿಕೆಯಿತ್ತು.

“ಆನಂದರಿ,” ಎಂದ ನಾಮದೇವ. “ಸ್ವಚ್ಛತಾದ ಆನಂದರಿ.”

“ಕೇಳಿದ್ಯಾ ಅವ್ವಾ? ಬಿಡಿಸಿದವರ ಹೇಳಾಕತ್ತಾರ,” ಎಂದು ಸಾಹೇಬರು ನಕ್ಕು, ಹುಡುಗಿಯ ತಲೆ ಸವರಿ, ಚಹಾ ಕುಡಿದು ಸಹಿ ಮಾಡಿದರು. ಭಾವನೆಯ ಬೋಧನೆಯಲ್ಲಿ ಶಾಲೆಯ ಶಿಸ್ತು ಮೆಚ್ಚುವಂಥದ್ದು ಎಂದೂ ಬರೆದರು.

ನಾಮದೇವ ಕಾಯಂ ಆದ. ಪೇಢೆ ಹಂಚಿದ. ರಾಜಮತಿ ತನ್ನ ಪಾಲಿನದನ್ನು ತೆಗೆದುಕೊಂಡು, ತಿನ್ನದೆ, ಪಕ್ಕದವಳಿಗೆ ಕೊಟ್ಟಳು.

ವಾರ್ಷಿಕ ಪರೀಕ್ಷೆಯಲ್ಲಿ ಅದೇ ಕೊಟ್ಟಿಗೆಯ ಮೇಲೆ ಎರಡು ಅಂಕದ ಪ್ರಶ್ನೆ ಇತ್ತು. ರಾಜಮತಿ ತಪ್ಪಿಲ್ಲದೆ, ದುಂಡಗೆ, ‘ಆನಂದವಾಗುತ್ತದೆ’ ಎಂದು ಬರೆದಿದ್ದಳು.

ನಾಮದೇವ ಕೆಂಪು ಪೆನ್ನು ಹಿಡಿದು ಅದನ್ನು ಎರಡು ಸಲ ಓದಿದ. ಉತ್ತರ ಸರಿಯಾಗಿತ್ತು. ಎರಡಕ್ಕೆ ಎರಡು ಕೊಟ್ಟ.