ಹೂಂಗುಟ್ಟುವ ಬಳೆ

ಹಾಳೆ ತಿರುಗಿತು.

ಅವನು ಹಾಲಿನ ಲೋಟ ಹಿಡಿದು ಮಗಳ ಕೋಣೆಯ ಮುಚ್ಚಿದ ಬಾಗಿಲೆದುರು ಒಂಟಿಕಾಲಲ್ಲಿ ನಿಂತಿದ್ದ. ಎತ್ತಿದ ಕಾಲನ್ನು ಊರುವುದೋ ಬೇಡವೋ ಎಂದು ತೀರ್ಮಾನವಾಗಿರಲಿಲ್ಲ. ಊರಿದ. ಒಳಗೆ ಇನ್ನೊಂದು ಹಾಳೆ ತಿರುಗಿತು.

ಬೆಳಗಿನ ಆರೂವರೆ. ಕಾಲೇಜಿನ ಪ್ರವೇಶ ಪರೀಕ್ಷೆಗೆ ಇನ್ನು ಇಪ್ಪತ್ತಮೂರು ದಿನ.

ನಾಲ್ಕು ದಿನಗಳಿಂದ ಒಂದು ಅನುಮಾನ ಅವನನ್ನು ಕೊರೆಯುತ್ತಿತ್ತು. ಅವನ ಹೆಜ್ಜೆ ಬಿದ್ದ ಮೇಲೆಯೇ ಹಾಳೆ ತಿರುಗುತ್ತದೆ. ಹೆಜ್ಜೆ ಇಲ್ಲದಿದ್ದರೆ ಹಾಳೆಯೂ ಇಲ್ಲ. ಹೆಂಡತಿಗೆ ಹೇಳಿರಲಿಲ್ಲ. ಹೇಳಿದರೆ ಅದು ಅನುಮಾನವಾಗಿ ಉಳಿಯುವುದಿಲ್ಲ.

ಅಡುಗೆಮನೆಯಿಂದ ಹೆಂಡತಿ ತಲೆ ಹೊರಹಾಕಿ ಹುಬ್ಬು ಹಾರಿಸಿದಳು. ಅವನು ಬೆರಳಿನಿಂದ ಗಾಳಿಯಲ್ಲೊಂದು ಹಾಳೆ ತಿರುಗಿಸಿ ತೋರಿಸಿದ. ಅವಳ ಮುಖ ಸಡಿಲವಾಯಿತು.

ಆ ಮನೆಯಲ್ಲಿ ಗಟ್ಟಿಯಾದ ಮಾತು ನಿಂತು ಎರಡು ತಿಂಗಳಾಗಿತ್ತು. ಜಗಳವೇನೂ ಆಗಿರಲಿಲ್ಲ. ಮೊದಲು ಟಿ.ವಿ. ಆರಿತು. ಆಮೇಲೆ ಕರೆಗಂಟೆಯ ತಂತಿ ಕಿತ್ತರು. ಸೀಟಿ ಹಾಕುತ್ತದೆಂದು ಕುಕ್ಕರನ್ನು ಅಟ್ಟಕ್ಕೆ ಹಾಕಿದರು. ಗೋಡೆ ಗಡಿಯಾರ ಟಿಕ್‌ಟಿಕ್ ಎನ್ನುತ್ತದೆಂದು ಹೆಂಡತಿ ಅದರ ಸೆಲ್ ತೆಗೆದು ಡ್ರಾಯರಿಗೆ ಹಾಕಿದ ಮೇಲೆ ಹಜಾರದಲ್ಲಿ ಸದಾ ಎರಡು ಗಂಟೆ ಹತ್ತು ನಿಮಿಷ. ಕುರ್ಚಿಯ ಕಾಲುಗಳಿಗೆ ಹಳೆಯ ಕಾಲುಚೀಲ ತೊಡಿಸಿದರು. ಬಾಗಿಲ ಕೀಲುಗಳಿಗೆ ಎಣ್ಣೆ ಬಿಟ್ಟರು. ಇದನ್ನೆಲ್ಲ ಮಾಡಿ ಎಂದು ಮಗಳು ಒಮ್ಮೆಯೂ ಕೇಳಿರಲಿಲ್ಲ.

ಕೊನೆಯದಾಗಿ ಚಿಲಕ. ಪತ್ರಿಕೆಯ ಒಳಪುಟದಲ್ಲಿ ಪರೀಕ್ಷೆಗೆ ಓದುತ್ತಿದ್ದ ಯಾರದೋ ಮಗ ಒಳಗಿನಿಂದ ಚಿಲಕ ಹಾಕಿಕೊಂಡ ನಾಲ್ಕು ಸಾಲಿನ ಸುದ್ದಿ ಬಂದ ದಿನ, ಹೆಂಡತಿ ಸ್ಕ್ರೂಡ್ರೈವರ್ ತಂದು ಅವನ ಕೈಗಿಟ್ಟಳು. "ಅವಳ ಕೋಣೆ ಒಳಗಿನ ಚಿಲಕ ಸಡಿಲ ಆಗಿದೆ, ತೆಗೆದುಬಿಡಿ" ಎಂದಳು. ಸಡಿಲವಾಗಿರಲಿಲ್ಲ. ನಾಲ್ಕು ಸ್ಕ್ರೂ ಬಿಚ್ಚುವಷ್ಟರಲ್ಲಿ ಅವನ ಅಂಗೈ ಕೆಂಪಾಗಿತ್ತು. ಮಗಳು ಮೇಜಿನ ಮುಂದೆ ಕುಳಿತು, ತಲೆ ಎತ್ತದೆ, ಒಂದೊಂದು ಸ್ಕ್ರೂ ನೆಲಕ್ಕೆ ಬೀಳುವುದನ್ನೂ ಕೇಳಿಸಿಕೊಂಡಳು. ಏಕೆಂದು ಮೂವರಲ್ಲಿ ಯಾರೂ ಕೇಳಲಿಲ್ಲ.

"ಹಾಲು ಆರ್ತಿದೆ ರೀ," ಹೆಂಡತಿ ಬಳಿ ಬಂದು ಉಸಿರಿನಲ್ಲೇ ಹೇಳಿದಳು. "ಒಳಗೆ ಹೋಗಿ. ಏನು ನಿಂತಿದ್ದೀರಾ?"

"ಓದ್ತಿದ್ದಾಳೆ. ಮಧ್ಯದಲ್ಲಿ ಹೋದ್ರೆ..."

"ನಮ್ಮನೇಲಿ ನಾವೇ ಕಳ್ಳರಾಗಿಬಿಟ್ವಲ್ಲ!" ಅವಳು ನಕ್ಕಳು. ನಗುವಿಗೂ ಸದ್ದಿರಲಿಲ್ಲ. ಮೂರನೇ ತರಗತಿಯ ನಲವತ್ತು ಮಕ್ಕಳಿಗೆ ಕೂಗಿ ಕೂಗಿ ಪಾಠ ಹೇಳುತ್ತಿದ್ದವಳು. ಮಗಳಿಗೆಂದು ರಜೆ ಹಾಕಿ ಮನೆಯಲ್ಲಿ ಕುಳಿತ ಮೇಲೆ, ಅವಳ ನಿಜವಾದ ದನಿ ಹೇಗಿತ್ತೆಂದು ನೆನಪಿಸಿಕೊಳ್ಳಲು ಅವನು ಕೆಲವೊಮ್ಮೆ ಪ್ರಯತ್ನಪಡುತ್ತಿದ್ದ.

ಬಾಗಿಲು ತಳ್ಳಿದ. ಮಗಳ ಬಲಗೈ ಪುಸ್ತಕದ ಹಾಳೆಯ ತುದಿಯಲ್ಲಿತ್ತು.

"ಹಾಲು."

"ಇಡಪ್ಪಾ."

"ಎಷ್ಟಾಯ್ತು?"

"ಆಗ್ತಿದೆ."

"ಏನಾದ್ರೂ ಬೇಕಾ?"

"ಊಹೂಂ."

ಮಾತು ಮುಗಿಯಿತು. ಹೊರಗೆ ಬಂದು ಬಾಗಿಲು ಎಳೆದುಕೊಂಡ. ಒಳಗೆ ಹಾಳೆ ತಿರುಗಿತು.

* * *

ಜನರ ಕಿವಿ ಪರೀಕ್ಷಿಸುವುದು ಅವನ ಕೆಲಸ. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಹೊರಗಿನ ಸದ್ದು ಹೋಗದ ಪೆಟ್ಟಿಗೆಯಂಥ ಒಂದು ಕೋಣೆ. ಅದಕ್ಕೊಂದು ಗಾಜಿನ ಕಿಟಕಿ. ಬಂದವರನ್ನು ಒಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ತೊಡಿಸಿ, ಕೈಗೊಂದು ಗುಂಡಿ ಕೊಟ್ಟು, "ಸದ್ದು ಕೇಳಿದಾಗೆಲ್ಲ ಒತ್ತಿ, ಎಷ್ಟು ಸಣ್ಣದಿದ್ದರೂ ಸರಿ" ಎಂದು ಹೇಳಿ ಹೊರಬರುತ್ತಾನೆ. ಗಾಜಿನಾಚೆ ಕುಳಿತು ಯಂತ್ರದಿಂದ ಸದ್ದು ಕಳಿಸುತ್ತಾನೆ. ಅವರು ಒತ್ತಿದರೆ ಅವನ ಮುಂದೆ ದೀಪ ಹತ್ತುತ್ತದೆ.

ಸದ್ದುಗಳ ನಡುವಿನ ಅಂತರ ಒಂದೇ ಸಮನಾಗಿರಬಾರದು. ಕೆಲಸ ಕಲಿತ ಮೊದಲ ವಾರದಲ್ಲೇ ಕಲಿತ ಪಾಠ ಅದು. ಲಯ ಸಿಕ್ಕಿದರೆ ಕಿವುಡರೂ ಸರಿಯಾಗಿ ಒತ್ತುತ್ತಾರೆ. ಅವರೇನೂ ಸುಳ್ಳರಲ್ಲ. ಹೆದರಿರುತ್ತಾರೆ, ಅಷ್ಟೆ.

ಮಗಳು ಐದು ವರ್ಷದವಳಿದ್ದಾಗ ಅವಳನ್ನೂ ಒಮ್ಮೆ ಆಟಕ್ಕೆಂದು ಒಳಗೆ ಕೂರಿಸಿದ್ದ. ಯಂತ್ರ ಕೊಡಬಲ್ಲ ಅತಿ ಸಣ್ಣ ಸದ್ದಿಗೂ ದೀಪ ಹತ್ತಿತು. "ನಿಂದು ಬೆಕ್ಕಿನ ಕಿವಿ ಕಣೇ" ಎಂದು ಎತ್ತಿಕೊಂಡು ಆಸ್ಪತ್ರೆಯಿಡೀ ತೋರಿಸಿಕೊಂಡು ಬಂದಿದ್ದ. ಅಂದಿನಿಂದ ಮನೆಯಲ್ಲಿ ಅವಳಿಗೆ ಬೆಕ್ಕು ಎಂದೇ ಹೆಸರು. ಈಚೆಗೆ ಯಾರೂ ಹಾಗೆ ಕರೆದಿರಲಿಲ್ಲ.

ಹನ್ನೊಂದು ಗಂಟೆಗೆ ವಾಚ್ ರಿಪೇರಿಯ ಮುದುಕನೊಬ್ಬ ಬಂದ. ಜೊತೆಗೆ ಅವನ ಹೆಂಡತಿ.

"ಇವರಿಗೆ ಕಿವಿ ಕೇಳ್ಸಲ್ಲ ಡಾಕ್ಟ್ರೇ. ಒಪ್ಪಲ್ಲ."

"ಇವಳ ಮಾತು ಬಿಟ್ಟು ಮಿಕ್ಕಿದ್ದೆಲ್ಲಾ ಕೇಳ್ಸುತ್ತೆ," ಮುದುಕ ಹೇಳಿದ.

"ನೋಡಿ, ಇದೊಂದು ಮಾತ್ರ ಹೆಂಗೆ ಕೇಳ್ಸಿತು!"

ಮುದುಕನನ್ನು ಒಳಗೆ ಕೂರಿಸಿ ಸದ್ದು ಕಳಿಸಿದ. ದೀಪ ಹತ್ತಿತು. ಇನ್ನೊಂದು. ಹತ್ತಿತು. ಅವನಿಗೇಕೋ ಸಂಶಯ ಬಂತು. ಯಂತ್ರದಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಗಾಜಿನಾಚೆ ನೋಡುತ್ತ ಕುಳಿತ. ಮುದುಕ ಮುಖ ಎತ್ತಿ ಅವನನ್ನೇ ನೋಡುತ್ತಿದ್ದ. ದೀಪ ಹತ್ತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹತ್ತಿತು. ಇಲ್ಲದ ಸದ್ದಿಗೆ ಏಳು ಸಲ.

ಒಳಗೆ ಹೋಗಿ ಹೆಡ್‌ಫೋನ್ ಕಳಚಿ, ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಕೇಳಿದ:

"ಅಜ್ಜಾ, ನಾನು ಸದ್ದೇ ಕೊಡಲಿಲ್ಲ. ಯಾಕೆ ಒತ್ತಿದ್ರಿ?"

ಮುದುಕ ಗಾಜಿನಾಚೆಯ ಹೆಂಡತಿಯನ್ನೊಮ್ಮೆ ನೋಡಿದ. ಪಿಸುಗುಡುತ್ತಿದ್ದೇನೆಂದು ತಿಳಿದು ಜೋರಾಗಿಯೇ ಹೇಳಿದ: "ನೀವು ಕಾಯ್ತಾ ಇದ್ರಲ್ಲ. ನಿಮ್ಮ ಮುಖ ನೋಡಿ ಪಾಪ ಅನ್ನಿಸ್ತು."

"ಯಾವಾಗಿಂದ ಹೀಗೆ?"

"ಎರಡು ವರ್ಷ ಆಗಿರಬೇಕು. ವಾಚನ್ನ ಕಿವಿ ಹತ್ರ ಹಿಡೀತೀನಿ, ತಲೆ ಆಡಿಸ್ತೀನಿ, ಕೊಟ್ಟುಬಿಡ್ತೀನಿ. ಗಿರಾಕಿಗೂ ಸಮಾಧಾನ."

"ಹೆದರಿಕೆ ಆಗಲ್ವಾ?"

"ಗೊತ್ತಾಗಿಬಿಟ್ರೆ ಅನ್ನೋದು ಒಂದೇ ಹೆದರಿಕೆ. ಕೇಳ್ಸದೇ ಇರೋದು ಅಭ್ಯಾಸ ಆಗಿಹೋಗುತ್ತೆ ಸ್ವಾಮಿ."

ವರದಿಯ ಕೊನೆಯಲ್ಲಿ 'ಉತ್ತರಗಳು ನಂಬಲು ಯೋಗ್ಯವಲ್ಲ' ಎಂದು ಬರೆಯಬೇಕಿತ್ತು. 'ಉತ್ತರಗಳು' ಎಂದು ಬರೆದ ಮೇಲೆ ಪೆನ್ನು ಮುಂದಕ್ಕೆ ಹೋಗಲಿಲ್ಲ.

ಒಂದು ಗಂಟೆಗೆ ಹೆಂಡತಿಯ ಮೆಸೇಜ್ ಬಂತು. 'ಅರ್ಧ ಗಂಟೇಲಿ ಹನ್ನೊಂದು ಹಾಳೆ! ನಾನೇ ಎಣಿಸಿದೆ. ಜೀವ ತಣ್ಣಗಾಯ್ತು.'

'ನೀನು ಎಲ್ಲಿ ನಿಂತಿದ್ದೆ?' ಎಂದು ಬರೆದ. ಅಳಿಸಿದ. 'ಒಳ್ಳೇದಾಯ್ತು' ಎಂದು ಕಳಿಸಿದ. ತಲೆನೋವೆಂದು ಹೇಳಿ ಬೇಗ ಹೊರಟ.

* * *

ಬಸ್ಸಿನ ಕಿಟಕಿಗೆ ಹಣೆ ಆನಿಸಿ ಕುಳಿತವನಿಗೆ, ಮೂವತ್ತು ವರ್ಷಗಳಿಂದ ನೆನಪಾಗದ ಅಜ್ಜಿಯ ಕಥೆಯೊಂದು ನೆನಪಾಯಿತು.

ಏಳು ಬಾಗಿಲ ಮನೆಯ ರಾಕ್ಷಸ. ಅವನು ಹುಡುಗಿಯೊಬ್ಬಳನ್ನು ತಂದು ಏಳನೆಯ ಬಾಗಿಲ ಹಿಂದೆ ಇಟ್ಟುಕೊಂಡಿದ್ದ. ಕೆಟ್ಟವನಲ್ಲ ಕಣೋ, ಎನ್ನುತ್ತಿದ್ದಳು ಅಜ್ಜಿ. ಅವಳೆಂದರೆ ಅವನಿಗೆ ಪ್ರಾಣ, ಅದಕ್ಕೇ ಬಾಗಿಲು. ಜಾವಕ್ಕೊಮ್ಮೆ ಹೊರಗಿನಿಂದ ಕೂಗುತ್ತಿದ್ದ: "ಇದ್ದೀಯಾ ಮಗಳೇ?" ಒಳಗಿನಿಂದ ಅವಳು "ಹೂಂ" ಎನ್ನಬೇಕು. ಒಂದು ದಿನ ಹುಡುಗಿ ಕೈಯ ಬಳೆ ತೆಗೆದು ಹೊಸ್ತಿಲ ಮೇಲಿಟ್ಟು, "ನನ್ನ ಬದಲು ನೀನು ಹೂಂಗುಟ್ಟು" ಎಂದು ಹೇಳಿ ಹೊರಟುಹೋದಳು. ರಾಕ್ಷಸ ಕೂಗಿದ. ಬಳೆ "ಹೂಂ" ಎಂದಿತು. ಅವನು ನೆಮ್ಮದಿಯಿಂದ ಮಲಗಿದ.

ಕಥೆ ಕೇಳುತ್ತ ಅವನೂ ಹೂಂಗುಟ್ಟಬೇಕಿತ್ತು. ಎಷ್ಟೋ ಸಲ ನಿದ್ದೆಯಲ್ಲೇ ಹೂಂ ಎನ್ನುತ್ತಿದ್ದ. ಅಜ್ಜಿ ಮಲಗಿದ ಹುಡುಗನಿಗೆ ಇಡೀ ಕಥೆ ಹೇಳಿ ಮುಗಿಸುತ್ತಿದ್ದಳು. ಎಚ್ಚರವಿದ್ದ ದಿನ ಒಮ್ಮೆ ಕೇಳಿದ್ದ: "ಬಳೆ ಹೂಂ ಅನ್ನೋದು ನಿಲ್ಲಿಸಿದ ಮೇಲೆ ರಾಕ್ಷಸ ಏನು ಮಾಡ್ದ ಅಜ್ಜಿ?"

"ರಾಕ್ಷಸನ ಗೊಡವೆ ನಿನಗ್ಯಾಕೋ?" ಎಂದು ಅಜ್ಜಿ ಮಗ್ಗುಲು ಬದಲಿಸಿದ್ದಳು.

* * *

ನಾಲ್ಕು ಗಂಟೆ. ಹೆಂಡತಿ ಹಜಾರದ ಕುರ್ಚಿಯಲ್ಲೇ ಕತ್ತು ವಾಲಿಸಿ ನಿದ್ದೆಹೋಗಿದ್ದಳು. ಅವನು ಚಪ್ಪಲಿ ಬಿಟ್ಟು ಮಗಳ ಬಾಗಿಲ ಬಳಿ ಬಂದು ನಿಂತ. ಹಾಳೆ ತಿರುಗಿತು.

ಮಾಡಬಾರದೆಂದುಕೊಳ್ಳುತ್ತಲೇ ಶುರುಮಾಡಿದ.

ಅಲ್ಲಾಡದೆ ನಿಂತು ಕೈಗಡಿಯಾರ ನೋಡಿದ. ಆರು ನಿಮಿಷ. ಒಳಗೆ ಏನೂ ಇಲ್ಲ. ಹಿಮ್ಮಡಿ ಎತ್ತಿ ಇಳಿಸಿದ. ಹಾಳೆ. ಎರಡು ನಿಮಿಷ ಬಿಟ್ಟು ಉಗುರಿನಿಂದ ಗೋಡೆ ಮುಟ್ಟಿದ. ಹಾಳೆ. ಒಂಬತ್ತು ನಿಮಿಷ ಸುಮ್ಮನಿದ್ದ. ಏನೂ ಇಲ್ಲ. ಕೈ ಎತ್ತಿದಾಗ ಅಂಗಿಯ ತೋಳು ಮೈಯನ್ನು ಸವರಿತು, ಅಷ್ಟೆ. ಹಾಳೆ. ಕೊನೆಗೆ ಬಾಯಿ ತೆರೆದು, ಮಗುವಿನ ಕಣ್ಣಿಗೆ ಬಿದ್ದ ಧೂಳು ಊದುವಷ್ಟು ಮೆಲ್ಲಗೆ, ಒಂದು ಉಸಿರು ಬಿಟ್ಟ.

ಹಾಳೆ ತಿರುಗಿತು.

ಇಂಥ ಕಿವಿಯನ್ನು ಅವನು ಇಷ್ಟು ವರ್ಷದ ಕೆಲಸದಲ್ಲಿ ಕಂಡಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬೇರೇನನ್ನೂ ಮಾಡದೆ ಕೇಳಿಸಿಕೊಳ್ಳುತ್ತ ಕುಳಿತವರಿಗೆ ಮಾತ್ರ ಸಾಧ್ಯ.

ಬಾಗಿಲು ತಳ್ಳಿದ.

ಮಗಳು ಅದೇ ಭಂಗಿಯಲ್ಲಿದ್ದಳು. ಬೆಳಗಿನ ಹಾಲು ಕೆನೆಗಟ್ಟಿ ಅಲ್ಲೇ ಇತ್ತು. ಪಕ್ಕದಲ್ಲಿ ಚೂಪಾಗಿ ಹೆರೆದ ಪೆನ್ಸಿಲು. ಅದರ ಮೊನೆ ಕಾಗದವನ್ನೇ ಮುಟ್ಟಿರಲಿಲ್ಲ. ಪುಸ್ತಕದಲ್ಲಿ ಒಂದು ಗೆರೆಯಿಲ್ಲ, ಒಂದು ಗುರುತಿಲ್ಲ. ಹಾಳೆಗಳ ಬಲತುದಿ ಮಾತ್ರ ಕಪ್ಪಾಗಿ, ಒಗೆದೂ ಒಗೆದೂ ಮೆತ್ತಗಾದ ಬಟ್ಟೆಯಂತಾಗಿತ್ತು. ಬಾಗಿಲ ಒಳಮೈಯ ನಾಲ್ಕು ಸ್ಕ್ರೂ ತೂತುಗಳಲ್ಲಿ ಅವಳು ಕಾಗದವನ್ನು ಸಣ್ಣಗೆ ಸುತ್ತಿ ತುರುಕಿದ್ದಳು.

"ಬೇಗ ಬಂದ್ಯಾ?"

"ಕೆಲಸ ಇರಲಿಲ್ಲ."

"ನೀನು ಆಗಲೇ ಬಂದೆ. ಇಲ್ಲೇ ನಿಂತಿದ್ದೆ."

"ಇಲ್ಲವಲ್ಲ..."

"ಸರಿ."

ಅವನು ಮಂಚದ ಅಂಚಿನಲ್ಲಿ ಕುಳಿತ. "ಕೇಳ್ಸುತ್ತಾ ನಿಂಗೆ?"

"ಎಲ್ಲಾ ಕೇಳ್ಸುತ್ತಪ್ಪಾ. ನೀನು ಕಾಲು ಎತ್ತಿ ಹಿಡ್ಕೊಳ್ಳೋದು. ಅಮ್ಮ ಉಸಿರು ಕಟ್ಟಿ ನಿಲ್ಲೋದು." ಯಾರ ಮೇಲೂ ದೂರಿಲ್ಲದ ದನಿ. "ಮೊದಲು ಕುಕ್ಕರ್ ಕೂಗ್ತಿತ್ತಲ್ಲ, ಆಗ ಇಷ್ಟು ಕೇಳ್ಸ್ತಿರಲಿಲ್ಲ."

"ಓದೋವಾಗ ಅದನ್ನೆಲ್ಲ ಮನಸ್ಸಿಗೆ ಹಚ್ಕೋಬಾರದು."

"ಅಕ್ಷರ ಕಾಣ್ಸುತ್ತೆ. ಆದ್ರೆ..."

"ಆದ್ರೆ?"

"ಏನಿಲ್ಲ. ಓದ್ತೀನಿ."

ಪರೀಕ್ಷೆ ಬೇಡ ಬಿಡು ಮಗಳೇ. ಮನೆಗೆ ಬರುತ್ತ ಮಹಡಿ ಹತ್ತುವಾಗ ಪ್ರತಿ ಮೆಟ್ಟಿಲಿಗೂ ಒಮ್ಮೆ ಹೇಳಿಕೊಂಡು ಬಂದಿದ್ದ ಮಾತು ಅದು. ಹೇಳಿದರೆ ಹಜಾರದಲ್ಲಿ ಮಲಗಿರುವವಳಿಗೆ ಏನು ಹೇಳುವುದು? ನಾಳೆ ಬೆಳಿಗ್ಗೆ ಈ ಮನೆಯಲ್ಲಿ ಮೂವರೂ ಏನು ಮಾಡುವುದು? ಮಗಳು ಮುಖ ಎತ್ತಿ ಅವನನ್ನೇ ನೋಡುತ್ತಿದ್ದಳು. ಗಾಜಿನಾಚೆ ಕುಳಿತವರೆಲ್ಲ ನೋಡುವ ಹಾಗೆ, ಒಂದು ಸಣ್ಣ ಸದ್ದಿಗಾಗಿ ಕಾಯುತ್ತ. ಕೊಡಬೇಕಾದವನು ಅವನೇ.

"ಇನ್ನು ಇಪ್ಪತ್ತಮೂರೇ ದಿನ," ಎಂದ.

ಅವಳ ಮುಖದಲ್ಲಿ ಏನೋ ಆರಿತು.

"ಹೂಂ," ಎಂದಳು.

* * *

ಹೊರಗೆ ಬಂದು ಬಾಗಿಲು ಎಳೆದುಕೊಂಡ. ಕಾದ. ಹಾಳೆ ತಿರುಗಲಿಲ್ಲ.

ಒಂದು ಹೆಜ್ಜೆ ಇಟ್ಟ. ಇಲ್ಲ. ಇನ್ನೊಂದನ್ನು ಬೇಕೆಂದೇ ಜೋರಾಗಿ ಇಟ್ಟ. ಇಲ್ಲ. ಕೆಮ್ಮಿದ. ಹಜಾರದವರೆಗೆ ಹೋಗಿ ಬಂದ. ಕುರ್ಚಿಯ ಕಾಲುಚೀಲ ಕಿತ್ತು ಕರ್ರೆಂದು ಎಳೆದ. ಹೆಂಡತಿ ಗಾಬರಿಯಿಂದ ಎದ್ದಳು.

"ಏನ್ರೀ ಇದು! ಅವಳು ಓದ್ತಾ..."

"ಹಾಳೆ ತಿರುಗ್ತಿಲ್ಲ."

ಅವಳು ಬಂದು ಬಾಗಿಲಿಗೆ ಕಿವಿ ಕೊಟ್ಟಳು. ಮುಖ ನಿಧಾನವಾಗಿ ಅರಳಿತು. "ಕಷ್ಟದ ಪಾಠ ಇರಬೇಕು. ಮುಳುಗಿಹೋಗಿದ್ದಾಳೆ ನೋಡಿ. ನಿಮ್ಮ ಗಲಾಟೆಗೂ ಅಲ್ಲಾಡಲಿಲ್ಲ." ಅವನ ತೋಳು ಹಿಡಿದು ಅಲುಗಿಸಿದಳು. "ಅಲ್ವಾ?"

"ಹೂಂ," ಎಂದ.

ಮಳೆ ಮೋಡ ಕವಿದು ಕತ್ತಲಾಗಿತ್ತು, ಅವಳು ದೀಪ ಹಾಕಲು ಹೋದಳು. ಅವನು ಅಲ್ಲೇ ನಿಂತ. ಒಳಗೆ ಬೆಳಕಿರಲಿಲ್ಲ, ಬಾಗಿಲ ಕೆಳಗಿನ ಸಂದು ಕಪ್ಪಾಗಿತ್ತು. ಚಿಲಕವಿಲ್ಲ. ಒಂದು ಬೆರಳು ತಗುಲಿಸಿದರೆ ಸದ್ದಿಲ್ಲದೆ ತೆರೆದುಕೊಳ್ಳುವ ಬಾಗಿಲು. ಕೀಲುಗಳಿಗೆ ಎಣ್ಣೆ ಬಿಟ್ಟವನು ಅವನೇ. ಕೈ ಎತ್ತಿದ. ಕೈ ಬಾಗಿಲಿಗೆ ಒಂದು ಗೇಣು ದೂರದಲ್ಲಿ ನಿಂತಿತು.

"ಇದ್ದೀಯಾ..." ತುಟಿ ಆಡಿತು. ದನಿ ಬರಲಿಲ್ಲ.

ಹಜಾರದ ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷ. ಇಡೀ ಮನೆ ಕಿವಿಯೊಳಗೆ ತುಂಬಿಕೊಂಡಿತು. ಎಲ್ಲೂ ಏನೂ ಇರಲಿಲ್ಲ. ಎತ್ತಿದ ಕೈಯ ಬೆರಳುಗಳು ಮೆಲ್ಲಗೆ ಮಡಿಚಿಕೊಂಡವು, ಒಳಗೊಂದು ಗುಂಡಿ ಹಿಡಿದಂತೆ. ಹೆಬ್ಬೆರಳು ಒತ್ತಿತು.

ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಒತ್ತಿತು.