ಅತ್ತೆ ಮೋಟಾರು, ಸೊಸೆ ಮೋಟಾರು

ನೀರಿನೊಳಗೆ ಓಡುವ ಸ್ಕೂಟರಿಗೆ ಚಕ್ರವಿಲ್ಲ. ಒಂದು ಬ್ಯಾಟರಿ, ಒಂದು ಮೋಟಾರು, ನೀರು ತಳ್ಳುವ ರೆಕ್ಕೆ, ಕೈಗೊಂದು ಹಿಡಿ, ಅಷ್ಟೇ. ಆ ಹಿಡಿ ಹಿಡಿದುಕೊಂಡು ಆಳಕ್ಕೆ ಹೋಗುವವಳು ನನ್ನ ಸೊಸೆ. ದಡದಲ್ಲಿ ಕೂತು ಅವಳ ಮುಖವಾಡದ ಮೈಕಿನಿಂದ ಬರುವ ಮಾತು ಕೇಳುವವನು ನನ್ನ ಮಗ. ನಾನು ಮನೆಯ ಕೆಳಗಿನ ಅಂಗಡಿಯಲ್ಲಿ ಮೋಟಾರು ರೀವೈಂಡಿಂಗ್ ಮಾಡುತ್ತೇನೆ, ಸುಟ್ಟ ತಂತಿ ಬಿಚ್ಚಿ ಹೊಸದು ಸುತ್ತುತ್ತೇನೆ.

ಈ ಸಲ ಅವಳ ಕೆಲಸ ನೀರು ತುಂಬಿದ ಸುರಂಗದಲ್ಲಿ ಬಿರುಕು ಹುಡುಕುವುದು. ಎರಡು ಸ್ಕೂಟರುಗಳನ್ನು ಹಿತ್ತಲಿನ ತೊಟ್ಟಿಯಲ್ಲಿಳಿಸಿ ಹೋಲಿಸಿ ನೋಡಿದೆವು. ಹಳೆಯದರಲ್ಲಿ ತಿರುಗುವ ಭಾಗಕ್ಕೆ ಉಜ್ಜುತ್ತ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಇತ್ತು. ಸದ್ದು ಜಾಸ್ತಿ, ಬಿಸಿ ಜಾಸ್ತಿ, ಬ್ಯಾಟರಿಯನ್ನಂತೂ ನುಂಗಿ ನೀರು ಕುಡಿಯುತ್ತಿತ್ತು. ಹೊಸದರಲ್ಲಿ ಬ್ರಷ್ಷೇ ಇಲ್ಲ. ಅಷ್ಟೇ ಬ್ಯಾಟರಿಗೆ ಒಂದೂವರೆ ಪಟ್ಟು ಹೊತ್ತು ಓಡಿತು, ಅದೂ ಸದ್ದಿಲ್ಲದೆ.

ಸೊಸೆ ಸೀಮೆಸುಣ್ಣ ಹಿಡಿದು ಎರಡಕ್ಕೂ ಹೆಸರು ಬರೆದಳು. "ಇದು ಅತ್ತೆ, ಸದಾ ಗೊಣಗ್ತಾಳೆ. ಇದು ಸೊಸೆ. ಬಾಯೇ ಇಲ್ಲ, ಪಾಪ."

"ಯಾರಿಗೆ ಹೇಳ್ತಿದೀಯೇ?" ಎಂದೆ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತೀರಲ್ಲ!"

ಅಂದಿನಿಂದ ಮನೆಯಲ್ಲಿ ಅದೇ ಭಾಷೆ. "ಅತ್ತೆ ಕಾದಿದ್ದಾಳೆ, ನೀರಿಗೆ ಹಾಕು" ಎಂದು ಮಗ ಕೂಗಿದರೆ ಪಕ್ಕದ ಮನೆಯವರು ಕಿಟಕಿ ತೆರೆದು ನೋಡುತ್ತಿದ್ದರು.

ಆದರೆ ಪರೀಕ್ಷೆಯ ನಡುವೆ ಹೊಸ ಮೋಟಾರು ಒಮ್ಮೆ ತಟ್ಟನೆ ನಿಂತಿತು. ಹಳೆಯದು ನಿಲ್ಲುವ ಮೊದಲು ನರಳುತ್ತದೆ, ನಿಧಾನವಾಗುತ್ತದೆ, ಹೇಳಿಯೇ ಸಾಯುತ್ತದೆ. ಇದು ಹೇಳಲಿಲ್ಲ. ಮಗ ಅದಕ್ಕೆ ಕರೆಂಟು ಹಂಚುವ ಕಂಟ್ರೋಲರ್ ಬದಲಿಸಿದ, ಆಮೇಲೆ ಚೆನ್ನಾಗಿಯೇ ಓಡಿತು. ನನಗೆ ಮಾತ್ರ ಅನ್ನ ಸೇರಲಿಲ್ಲ. ಹೊಸದು ಬೇಡವೇ ಬೇಡ ಎಂದು ಜಗಳ ತೆಗೆದೆ. ಕೊನೆಗೆ ಅವಳ ಕೈಗೆ ಹೊಸದು, ಹಿಂದೆ ಬರುವ ಜೊತೆಗಾತಿಯ ಕೈಗೆ ಹಳೆಯದು ಎಂದು ರಾಜಿಯಾಯಿತು.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಬರ್ತೀನಿ" ಎಂದು ನಗುತ್ತ ಹೊರಟಳು. ನಾನು ಮುಖ ಊದಿಸಿಕೊಂಡು ಬಾಗಿಲಿಗೂ ಹೋಗಲಿಲ್ಲ.

ಅಂದು ಸುತ್ತುತ್ತಿದ್ದ ತಂತಿಯ ಲೆಕ್ಕ ಮತ್ತೆ ಮತ್ತೆ ತಪ್ಪಿತು. ಬಿಚ್ಚಿ ಸುತ್ತುತ್ತಿರುವಾಗ ಮಗನ ಫೋನ್ ಬಂತು.

"ಅಮ್ಮಾ, ಸೊಸೆ ಒಳಗೇ ನಿಂತ್ಬಿಟ್ಲು!"

ಫೋನ್ ಕಟ್ಟಾಯಿತು.

ನಿಂತುಬಿಟ್ಟಳು ಅಂದರೇನು? ಉಸಿರೇ? ತಿರುಗಿ ಮಾಡಿದರೆ ಎತ್ತುವವರಿಲ್ಲ. ಬಾಗಿಲವರೆಗಾದರೂ ಹೋಗಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದು ನನ್ನನ್ನೇ ಬೈದುಕೊಂಡೆ.

ಮತ್ತೆ ಫೋನ್ ಬಂತು. "ಅತ್ತೆ ಎಳ್ಕೊಂಡು ಬರ್ತಿದ್ದಾಳಮ್ಮ!"

"ಯಾವ ಅತ್ತೆಯೋ? ನಾನಿಲ್ಲೇ ಸಾಯ್ತಿದೀನಲ್ಲೋ!" ಎಂದು ಕಿರುಚಿದೆ.

"ಅಯ್ಯೋ, ಮೋಟಾರಮ್ಮಾ! ನಿಂತಿದ್ದು ಮೋಟಾರು. ಅವಳು ಮಾತಾಡ್ತಿದ್ದಾಳೆ. ಹಳೇದು ಇಬ್ಬರನ್ನೂ ಎಳೀತಾ ಇದೆ. ಇನ್ನೂ ಹೊರಗೆ ಬಂದಿಲ್ಲ."

ಹೋದ ಜೀವ ಅರ್ಧ ಬಂತು. ಒಬ್ಬರನ್ನು ಎಳೆಯುವಾಗಲೇ ಬಿಸಿಯಾಗುವ ಮೋಟಾರು ಇಬ್ಬರನ್ನು ಎಳೆಯಬೇಕು. ಅದರ ಬ್ರಷ್ ಹಾಕಿದವಳು ನಾನೇ. ಫೋನನ್ನು ಕಿವಿಗೊತ್ತಿಕೊಂಡು, "ಗೊಣಗೇ ತಾಯಿ, ನಿಲ್ಲಿಸ್ಬೇಡ, ಗೊಣಗು" ಎಂದು ಬೇಡಿಕೊಳ್ಳುತ್ತಲೇ ಇದ್ದೆ.

ಆಮೇಲೆ ಆ ಕಡೆ ನೀರು ಚೆಲ್ಲಿದ ಸದ್ದು, ಯಾರೋ ಕೂಗಿದ್ದು ಕೇಳಿಸಿತು. ಸೊಸೆ ಏದುಸಿರು ಬಿಡುತ್ತ ಫೋನ್ ಹಿಡಿದಳು.

"ಕೆಸರೆದ್ದು ಕಣ್ಣಿಗೆ ಏನೂ ಕಾಣ್ಲಿಲ್ಲ. ಅತ್ತೆ ಗೊಣಗ್ತಿದ್ದದ್ದು ಮಾತ್ರ ಕೇಳಿಸ್ತು. ಅದು ಜೋರಾದ ಕಡೆಗೆ ಕೈ ಚಾಚಿದೆ."

"ಯಾವ ಅತ್ತೆಯೇ?" ಎಂದೆ.

ಅವಳು ಅತ್ತಳು.

ನಾನೂ ಅತ್ತೆ.