ಇಲ್ಲದ ಬ್ರೇಕು

ಅದೋ, ಮತ್ತೆ ಒತ್ತಿದರು — ಗಾಂಧಿಬಜಾರಿನ ಹೂವಿನ ಸಾಲಿನಲ್ಲಿ ಮುಂದಿನ ಆಟೋ ಒಂದು ಗೇಣು ತಡವರಿಸಿದ್ದಕ್ಕೇ ಗಂಡನ ಬಲಗಾಲು ಮ್ಯಾಟಿನೊಳಗೆ ಹೂತುಹೋಗುವ ಹಾಗೆ ಒತ್ತಿತು, ಪಕ್ಕದ ಸೀಟಿನಲ್ಲಿ ಬ್ರೇಕು ಎಲ್ಲಿಂದ ಬರಬೇಕು, ಆದರೂ ಇದ್ದಿದ್ದರೆ ಎಲ್ಲಿರುತ್ತಿತ್ತೋ ಸರಿಯಾಗಿ ಅದೇ ಜಾಗದಲ್ಲಿ, ಹೆಬ್ಬೆರಳು ಬೆಳ್ಳಗಾಗುವಷ್ಟು, ಲಾವಣ್ಯಾ ಕಂಡೂ ಕಾಣದವಳಂತೆ ಸ್ಟಿಯರಿಂಗ್ ತಿರುಗಿಸಿದಳು, ಅಬ್ಬಾ, ಬೆಣ್ಣೆ, ಇಂಥ ಸ್ಟಿಯರಿಂಗನ್ನು ದೇವರು ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದನೋ, ದಿನಾ ಮಾರ್ಕೆಟ್ಟಿನಿಂದ ಹೋಟೆಲುಗಳಿಗೆ ಸೊಪ್ಪು ಹಾಕುವ ತನ್ನ ಟೆಂಪೋ ತಿರುಗಿಸುವುದೆಂದರೆ ರುಬ್ಬುಗುಂಡು ತಿರುಗಿಸಿದ ಹಾಗೆ, ಅದೇ ಟೆಂಪೋದಲ್ಲಿ ಇದೇ ನಂದಕುಮಾರ್ ಮಹಾಶಯರು ಕೊತ್ತಂಬರಿ ಕಟ್ಟು ಮಡಿಲಲ್ಲಿಟ್ಟುಕೊಂಡು ಚಾಮರಾಜಪೇಟೆ ಬರುವವರೆಗೂ ಗೊರಕೆ ಹೊಡೆಯುತ್ತಿದ್ದರಲ್ಲ, ಆಗೆಲ್ಲಿ ಹೋಗಿತ್ತು ಈ ಕಾಲು? ಕೆಂಪು ಗಾಡಿ ಕಂಡ ಕೂಡಲೇ ಜೀವ ಬಂತೇ? ನಿಧಾನ ಕಣೇ, ಹಸು. ಹಸು ಫುಟ್‌ಪಾತಿನ ಮೇಲಿದೆ ರೀ. ಫುಟ್‌ಪಾತಿಂದ ಇಳಿಯಕ್ಕೆ ಅದಕ್ಕೇನು ಕಾಲಿಲ್ವಾ? ಅದು ಸೇವಂತಿಗೆ ತಿಂತಾ ಇದೆ, ನಮ್ಮನ್ನ ನೋಡೂ ಇಲ್ಲ — ಒತ್ತಿದರು, ಹಸುವಿಗೂ ಒತ್ತಿದರು. ಹಿಂದಿನ ಸೀಟಿನಿಂದ ಆಂಟಿ, ಹಂಪು ಹಂಪು, ಅಡ್ಡಡ್ಡ ಹತ್ತಿಸಿ ಆಂಟಿ, ಗಾಡಿ ಹೊಟ್ಟೆ ನೆಲಕ್ಕೆ ತಾಗತ್ತೆ ಎಂದು ಒಂದು ನರಳಾಟ, ಅದು ರಾಮಾನುಜ, ಗಾಡಿಯ ಮಾಲೀಕ, ಮೊಣಕಾಲನ್ನು ಗದ್ದಕ್ಕೆ ಆನಿಸಿಕೊಂಡು ಕೂತಿದ್ದಾನೆ, ಹಂಪು ಬಂದಾಗಲೆಲ್ಲ ಗಾಡಿ ಹಗುರಾಗಲಿ ಅಂತ ಸೀಟಿನಿಂದ ಕುಂಡೆ ಎತ್ತುತ್ತಾನೆ, ಪಾಪ, ಆಸೆಪಟ್ಟು ತಂದವನು, ವರ್ಷ ತುಂಬುವಷ್ಟರಲ್ಲಿ ಅವಳಿಜವಳಿ ಹುಟ್ಟಿದವು, ಮಕ್ಕಳು ಹಿಡಿದರೆ ಹೆಂಡತಿ ಹಿಡಿಯಲ್ಲ, ಹೆಂಡತಿ ಹಿಡಿದರೆ ಅತ್ತೆ ಹಿಡಿಯಲ್ಲ, ಅತ್ತೆಯನ್ನ ಬಿಟ್ಟು ಹೋದರೆ ಹೆಂಡತಿಯೇ ಬರಲ್ಲ, ಆದ್ದರಿಂದ ಮಾರ್ತಾ ಇದೀನಿ ಆಂಟಿ, ಮಧ್ಯಾಹ್ನ ಇನ್ನೊಬ್ರು ನೋಡಕ್ಕೆ ಬರ್ತಾರೆ, ನೀವು ಒಂದು ರೌಂಡ್ ಹೋಗಿ ಬಂದು ನಮ್ಮ ಮನೆ ಮುಂದೆ ನಿಲ್ಸೋಷ್ಟರಲ್ಲಿ ಹ್ಞೂ ಅಂದ್ರೆ ಹ್ಞೂ, ಇಲ್ಲ ಅಂದ್ರೆ ಇಲ್ಲ, ಗೇರ್ ತಾನೇ ಬೀಳತ್ತೆ, ಎರಡೇ ಪೆಡಲ್ಲು, ಎಡಗಡೆ ಬ್ರೇಕು, ಬಲಗಡೆ ಆಕ್ಸಿಲರೇಟರು, ಅಷ್ಟೇ, ಅಂದ. ಅವನು ಹೇಳಿದ್ದು ಲಾವಣ್ಯಾಗೆ, ಕಿವಿಗೊಟ್ಟು ಕಲಿತಿದ್ದು ಗಂಡ.

ಅತ್ತೆಗೆ ಫೋಟೋ ತೋರಿಸಿದ್ದಳು, ಅಣ್ಣಮ್ಮ ಕನ್ನಡಕ ಏರಿಸಿಕೊಂಡು ನೋಡಿ, ಚೆನ್ನಾಗಿದೆ ಕಣಮ್ಮ, ಕೆಂಪಗೆ, ಕುಂಕುಮದ ಭರಣಿ ಹಂಗಿದೆ, ಡಿಕ್ಕೀಲಿ ಎಷ್ಟು ಕಟ್ಟು ಸೊಪ್ಪು ಹಿಡಿಯತ್ತೆ? ಸೊಪ್ಪು ಹಾಕಕ್ಕಲ್ಲ ಅತ್ತೆ. ಮತ್ತೆ ಯಾತಕ್ಕೆ? ಓಡ್ಸಕ್ಕೆ. ಓಡಿಸ್ಕೊಂಡು ಎಲ್ಲಿಗೆ ಹೋಗ್ತೀಯಾ? ಎಲ್ಲಿಗೂ ಇಲ್ಲ. ಅಣ್ಣಮ್ಮ ಕನ್ನಡಕ ಇಳಿಸಿದಳು, ಸೊಸೆಗೆ ಬಿಸಿಲು ಬಡಿದಿದೆ ಎಂದುಕೊಂಡಿರಬೇಕು, ಏಳು ಜನ ಕೂರೋ ಗಾಡಿ ತಗೊಳ್ರಮ್ಮ, ಧರ್ಮಸ್ಥಳಕ್ಕೋ ಘಾಟಿಗೋ ಎಲ್ಲರೂ ಹೋಗಿಬರಬೋದು ಅಂದಳು, ಹೋದ ವರ್ಷವೂ ಅದನ್ನೇ ಅಂದಿದ್ದಳು — ಏಳು ಜನ, ಏಳು ಬುತ್ತಿ, ಏಳು ಜನರ ವಾಂತಿ, ಬೇಡವೇ ಬೇಡ ತಾಯಿ, ಮೆಂತ್ಯ ಪಾಲಕ್ ಪುದೀನ ಹೊತ್ತೂ ಹೊತ್ತೂ ಈ ಕೈಗೆ ಸಾಕಾಗಿದೆ, ಏನನ್ನೂ ಹೊರದ ಗಾಡಿ ಬೇಕು, ಬರೀ ಓಡುವ ಗಾಡಿ, ಆಸೆ ಕಣ್ರೀ, ಬರೀ ಆಸೆ, ಅದಕ್ಕೊಂದು ಕಾರಣ ಬೇರೆ ಕೊಡಬೇಕಾ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂದಿದ್ದರು ಇವರು, ಹಾಸಿಗೆ ನನ್ನದೇ ರೀ, ನಾನು ದುಡಿದು ಹಾಸಿದ್ದು, ಅಂದಿದ್ದಳು ಇವಳು, ಅಲ್ಲಿಗೆ ಬಾಯಿ ಮುಚ್ಚಿತು, ಆದರೆ ಕಾಲು ಮುಚ್ಚಲಿಲ್ಲವಲ್ಲ, ನೋಡು ನೋಡು, ಎಳನೀರಿನ ಗಾಡಿ ಕಂಡು ಒತ್ತಿದರು, ಯಾರದೋ ನೆರಳು ಕಂಡು ಒತ್ತಿದರು. ಇದೇ ಈಗ ದೊಡ್ಡ ಯೋಚನೆ. ಬೇಡ ಅನ್ನುವ ಧೈರ್ಯ ಇವರಿಗಿಲ್ಲ, ಹಣದ ಮಾತೂ ಅಲ್ಲ, ಆದರೆ ಪಕ್ಕದಲ್ಲೊಂದು ಜೀವ ಹೀಗೆ ಬ್ರೇಕು ತುಳಿಯುತ್ತಾ ಕೂತರೆ ಓಡಿಸುವ ಸುಖ ಎಲ್ಲಿಂದ ಬರಬೇಕು? ಒಬ್ಬಳೇ ಓಡಿಸೇ ಅನ್ನುತ್ತೀರಾ, ಒಬ್ಬಳೇ ಓಡಿಸಿದ್ದು ಟೆಂಪೋದಲ್ಲೇ ಸಾಕಾಯಿತು, ಇದರಲ್ಲಿ ಪಕ್ಕದಲ್ಲಿ ಇವರು ಬೇಕು, ಎಚ್ಚರವಾಗಿ ಬೇಕು, ಖುಷಿಯಾಗಿ ಬೇಕು, ಇಲ್ಲದಿದ್ದರೆ ಗಾಡಿಯೇ ಬೇಡ. ಬೆಳಿಗ್ಗೆ ಹೊರಡುವಾಗಲೇ ಮನಸ್ಸಿನಲ್ಲಿ ಹಾಗಂತ ಗಂಟು ಹಾಕಿಕೊಂಡಿದ್ದಳು.

ಲಾಲ್‌ಬಾಗ್ ಪಶ್ಚಿಮ ದ್ವಾರ ಬಂತು, ಭಾನುವಾರ, ವಾಕಿಂಗಿನವರೆಲ್ಲ ಇಡ್ಲಿಗೆ ಹೋಗಿಯಾಗಿದೆ, ಆರ್.ವಿ. ರಸ್ತೆ ಒರೆಸಿಟ್ಟ ಹಾಗೆ ಖಾಲಿ, ಆಂಟಿ ಆ ಸ್ಪೋರ್ಟ್ ಬಟನ್ ಇದೆಯಲ್ಲ, ಅದನ್ನ ನಾನು ಒಂದು ಸಲಾನೂ ಒತ್ತಿಲ್ಲ, ರೋಡೇ ಸಿಗ್ಲಿಲ್ಲ, ಅಂದ ರಾಮಾನುಜ, ಕನ್ನಡಿಯಲ್ಲಿ ಅವನ ಮುಖ, ಮಗಳನ್ನು ಗಂಡನ ಮನೆಗೆ ಕಳಿಸುವ ಅಪ್ಪನದು, ಒತ್ತಿದಳು — ಗಾಡಿ ಒಂದು ಸಲ ಗಂಟಲು ಸರಿಮಾಡಿಕೊಂಡಿತು, ಆಮೇಲೆ, ಅಯ್ಯಯ್ಯೋ, ಯಾರೋ ಬೆನ್ನಿಗೆ ಕೈಯಿಟ್ಟು ನೂಕಿದರು, ಮರಗಳು ಹಿಂದಕ್ಕೆ, ಮೆಟ್ರೋ ಕಂಬಗಳು ಹಿಂದಕ್ಕೆ, ತಾಯಿ ದ್ರೌಪದಮ್ಮಾ ಎಂದು ಇವರು, ಆಂಟೀ ಎಂದು ಹಿಂದೆ, ತಾನು ನಗುತ್ತಿದ್ದಳು, ತನ್ನ ನಗು ತನಗೇ ಕೇಳುತ್ತಿತ್ತು, ಈ ನಗು ಕೇಳಿ ಎಷ್ಟು ಕಾಲವಾಯಿತು, ಮತ್ತೆ ಓರೆಗಣ್ಣಿಗೆ ಕೆಳಗೆ ಆ ಕಾಲು, ಚಪ್ಪಲಿ ಎಲ್ಲೋ ಕಳಚಿ, ಬರೀ ಪಾದ, ಒತ್ತೀ ಒತ್ತೀ ಒತ್ತೀ — ಮುಗಿಯಿತು, ಕೆಂಪು ಸಿಗ್ನಲ್, ಸೌತ್ ಎಂಡ್ ಸರ್ಕಲ್.

ನಗು ಇಳಿಯಿತು. ಇದು ದಾಟಿದರೆ ರಾಮಾನುಜನ ಮನೆ ದಾರಿ, ಬೇಡಪ್ಪ ರಾಮಾನುಜ ಅನ್ನಬೇಕು, ಗಾಡಿ ಬಂಗಾರದಂಥದ್ದು, ನಮಗೇ ಯೋಗ ಇಲ್ಲ ಅನ್ನಬೇಕು, ಅಳು ಬಂದರೆ ಇವರ ಎದುರು ಬೇಡ, ಮನೆಗೆ ಹೋಗಿ ಈರುಳ್ಳಿ ಹೆಚ್ಚಿದರಾಯಿತು — ಬಿಸಿಲು ಗಾಜಿನಿಂದ ಇಳಿದು ಆ ಬರೀ ಪಾದದ ಮೇಲೆ ಬಿದ್ದಿದೆ, ಒಡೆದ ಹಿಮ್ಮಡಿ, ತಮ್ಮ ಅಂಗಡಿಯ ಗಲ್ಲಾದಲ್ಲಿ ಕೂತೂ ಕೂತೂ ಊದಿದ ಕಾಲ್ಗಂಟು, ಇದೇ ಪಾದ ಅಲ್ಲವಾ, ಮದುವೆಗೂ ಮೊದಲು ತಿಗಳರಪೇಟೆಯ ಅಜ್ಜಿ ಮನೆ ಜಗಲಿಯಿಂದ ನೋಡಿದ್ದು, ಚೈತ್ರದ ಹುಣ್ಣಿಮೆ, ಕರಗ ಬಂತು ಕರಗ ಬಂತು, ಮಲ್ಲಿಗೆ ರಾಶಿಯ ಹಾಗೆ ಕರಗ ಓಡುತ್ತಿದೆ, ಅದರ ಪಕ್ಕದಲ್ಲಿ ಕತ್ತಿ ಹಿಡಿದ ವೀರಕುಮಾರರು, ಎಲ್ಲರೂ ಕರಗ ನೋಡಿ ಗೋವಿಂದಾ ಅಂದರೆ ಈ ಹುಡುಗಿ ಒಬ್ಬ ವೀರಕುಮಾರನ ಕಾಲು ನೋಡಿದಳು, ನೆಲಕ್ಕೆ ತಾಗಿಯೂ ತಾಗದ ಹಾಗೆ, ಏನು ಓಟ ಅದು, ಯಾರಜ್ಜಿ ಅವನು, ಅವನಾ, ಅಣ್ಣಮ್ಮನ ಮಗ ಕಣೇ, ಅವನನ್ನ ಹಿಡಿಯೋರು ಇಲ್ಲ ಈ ಪೇಟೇಲಿ — ಹಿಡಿದವರು ಯಾರು ಹಾಗಾದರೆ, ನಾನಾ, ಅಂಗಡಿಯಾ? ಪಕ್ಕಕ್ಕೆ ಒಂದು ಗಾಡಿ ಬಂದು ನಿಂತಿತು, ಎತ್ತರದ್ದು, ಬಿಳೀದು, ಅತ್ತೆ ಹೇಳಿದ ಏಳು ಸೀಟಿನದೇ, ಒಳಗೊಬ್ಬ ಕಪ್ಪು ಕನ್ನಡಕದವನು ಕೆಳಗೆ ಬಗ್ಗಿ ಇವರಿಬ್ಬರ ನರೆತ ತಲೆ ನೋಡಿದ, ನಕ್ಕ, ನಿಂತಲ್ಲೇ ಗರ್ ಅನ್ನಿಸಿದ, ಇನ್ನೊಂದು ಸಲ ಗರ್ ಅನ್ನಿಸಿದ. ನಂದಕುಮಾರ್ ಅವನ ಕಡೆ ನೋಡಿದರು, ಅಂಗಿಯ ಕಾಲರ್ ಸರಿಮಾಡಿಕೊಂಡರು, ಏನೂ ಆಗದವರಂತೆ ಮುಂದೆ ನೋಡುತ್ತಾ ಕೂತರು, ಅಂಕಲ್ ಸೀಟ್ ಬೆಲ್ಟ್ ಸರಿಯಿದೆಯಾ, ಇದೆಯಪ್ಪ ಇದೆ, ಸಿಗ್ನಲ್ಲಿನಲ್ಲಿ ಮೂರು, ಎರಡು, ಲಾವಣ್ಯಾ ಬೇಡಪ್ಪ ರಾಮಾನುಜ ಅನ್ನುವುದನ್ನು ನಾಲಿಗೆಯ ತುದಿಗೆ ತಂದುಕೊಂಡು ಸುಮ್ಮನೆ ಒಮ್ಮೆ ಕೆಳಗೆ ನೋಡಿದಳು, ಹಸಿರು ಬಿತ್ತು, ಹಿಂದೆ ಹಾರ್ನೋ ಹಾರ್ನು, ಆಂಟಿ ಗ್ರೀನು, ಆಂಟಿ, ಹೌದು ಗ್ರೀನು, ಕಾಣ್ತಿದೆ ಕಣೋ, ಆದರೆ ಆ ಪಾದ, ಬೆಳಗಿನಿಂದ ಒತ್ತಿದ ಜಾಗದಲ್ಲಿಲ್ಲ, ಎಡಗಡೆಯ ಬ್ರೇಕಿನ ಮೇಲಿಲ್ಲ, ಒಂದು ಗೇಣು ಬಲಕ್ಕೆ ಸರಿದಿದೆ, ಹೆಬ್ಬೆರಳು ಬೆಳ್ಳಗಾಗುವ ಹಾಗೆ ಒತ್ತಿದೆ, ಒತ್ತಿಕೊಂಡೇ ಇದೆ